ಊಟ ಬಲ್ಲವರಿಗೂ ಬರುವ ರೋಗ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯು ವೇದಕ್ಕೆ ಸಮಾನವೆಂಬ ಇನ್ನೊಂದು ಗಾದೆಯೂ ನಮ್ಮಲ್ಲುಂಟು. ಹಿರಿಯರ ಮಾತನ್ನು ಅಲ್ಲಗಳೆಯುವಷ್ಟು ವಯಸ್ಸಾಗಲಿ ವಿದ್ಯೆಯಾಗಲಿ ನನಗಿಲ್ಲ. ಆದರೂ ಈ ಗಾದೆಯ ಮೊದಲರ್ಧವನ್ನು ನಂಬಿ ನಮ್ಮ ಮನೆಯಲ್ಲಿ ಒಬ್ಬ ಮುದುಕಿಗೆ ಹನ್ನೆರಡು ವರ್ಷ ಅನ್ಯಾಯ ಮಾಡಿದೆವು. ಮಾಡಿದವರಲ್ಲಿ ನಾನೂ ಒಬ್ಬಳು. ಆದುದರಿಂದಲೇ ಈ ಲೇಖನ.

ನಮ್ಮ ಊರು ದೇವಸುಗೂರು. ಕೃಷ್ಣೆಯ ದಂಡೆಯ ಮೇಲೆ ಸೂಗೂರೇಶ್ವರನ ಗುಡಿಯಿರುವ ಊರು. ನಮ್ಮಜ್ಜಿ ಹುಟ್ಟಿದ್ದು ದೇವದುರ್ಗದ ಕಡೆಯ ಹಳ್ಳಿಯಲ್ಲಿ, ಬಾಳಿದ್ದು ಇಲ್ಲಿ. ಏಳು ಮಕ್ಕಳನ್ನು ಹೆತ್ತವಳು. ನಲವತ್ತು ವರ್ಷ ಕಂಡವರ ಹೊಲದಲ್ಲಿ ಬಗ್ಗಿ ಕಳೆ ತೆಗೆದವಳು, ಹತ್ತಿ ಬಿಡಿಸಿದವಳು, ಹೊಳೆಯಿಂದ ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಹೊತ್ತವಳು. ಈಗ ಬೆನ್ನು ಬಿಲ್ಲಿನಂತೆ ಬಾಗಿದೆ. ಹನ್ನೆರಡು ವರ್ಷದ ಕೆಳಗೆ ಆಕೆಗೆ ಎದೆಯುರಿ ಆರಂಭವಾಯಿತು. ಉಂಡು ಮಲಗಿದರೆ ಹುಳಿನೀರು ಗಂಟಲಿಗೆ ಬರುವುದು. ಬಗ್ಗಿ ಅಂಗಳದ ಕಸ ಹೊಡೆಯುವಾಗ ಉಂಡದ್ದು ಬಾಯಿಗೆ ಬರುವುದು. ರಾತ್ರಿ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುವಳು. “ಎದಿ ಉರಿಯಾಕತ್ತದವ್ವಾ” ಎಂದು ಆಕೆ ಅಂದಾಗಲೆಲ್ಲ ನಾವು ಅಂದದ್ದು ಒಂದೇ ಮಾತು: “ಖಾರ ಕಡಿಮಿ ತಿನ್ನು.”

ಆಕೆ ಕಡಿಮೆ ಮಾಡಿದಳು. ಮೊದಲು ಹಸಿಮೆಣಸಿನಕಾಯಿ ಚಟ್ನಿ ಹೋಯಿತು. ಆಮೇಲೆ ಪುಂಡಿಪಲ್ಯ, ಆಮೇಲೆ ಚಹಾ, ಕೊನೆಗೆ ರೊಟ್ಟಿಯೂ ಹೋಯಿತು. ಮಜ್ಜಿಗೆ ಅನ್ನವೊಂದು ಉಳಿಯಿತು. ಉರಿ ಮಾತ್ರ ಹೋಗಲಿಲ್ಲ. ಆಗ ನಾವು, “ಕದ್ದು ತಿಂತಾಳೇನೋ” ಎಂದು ನಮ್ಮನಮ್ಮಲ್ಲೇ ಮಾತಾಡಿಕೊಂಡೆವು. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಕೊಟ್ಟೆವು. ತಾಯಿತ ಕಟ್ಟಿಸಿದೆವು. ಬರಬರುತ್ತ ಆಕೆಯ ಮುಖ ಸುಣ್ಣ ಬಳಿದಂತೆ ಬಿಳುಪಾಯಿತು, ನಾಲ್ಕು ಹೆಜ್ಜೆಗೆ ಏದುಸಿರು ಬರತೊಡಗಿತು. ವಯಸ್ಸಾಯಿತಲ್ಲ ಎಂದು ಸುಮ್ಮನಾದೆವು. ಕಳೆದ ಸಲದ ಜಾತ್ರೆಯ ದಿನ ತೇರು ನೋಡಲು ಹೊರಟವಳು ಅರ್ಧ ದಾರಿಯಲ್ಲೇ ಕುಳಿತುಬಿಟ್ಟಳು. ಅಂದು ಅಪ್ಪ ಆಕೆಯನ್ನು ರಾಯಚೂರಿಗೆ ಕರೆದೊಯ್ದ.

ಅಲ್ಲಿ ರಕ್ತ ಪರೀಕ್ಷಿಸಿದರು. ರಕ್ತ ಬಹಳ ಕಡಿಮೆಯಾಗಿತ್ತು. ಬಾಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿ ಮಾಡಿದರು. ಸಂಜೆ ಅಪ್ಪ ಒಂದು ಹಾಳೆ ತಂದು ನನ್ನ ಕೈಗಿತ್ತು, “ಬಿ.ಎ. ಓದಾಕತ್ತೀಯಲ್ಲವ್ವಾ, ಏನು ಬರದಾರ ಹೇಳು” ಎಂದ. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ; ಹೆಬ್ಬೆರಳೊತ್ತುವವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಾಳೆಯ ಮೇಲೆ ಇಂಗ್ಲಿಷಿನಲ್ಲಿ “ದೊಡ್ಡ ಗಾತ್ರದ ಸ್ಲೈಡಿಂಗ್ ಹಯೇಟಸ್ ಹರ್ನಿಯಾ” ಎಂದು ಬರೆದಿತ್ತು. ಅಕ್ಷರಗಳನ್ನು ಓದಿದೆ, ಅರ್ಥ ಹೇಳಲಾರದೆ ಹೋದೆ. ಅಪ್ಪ ಏನೂ ಅನ್ನಲಿಲ್ಲ. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಆ ಮೌನ ನನ್ನನ್ನು ಬಹುದಿನ ಕಾಡಿತು.

ಮುಂದಿನ ಸಲ ನಾನೂ ಜೊತೆಗೆ ಹೋದೆ. ವೈದ್ಯರು ಚೀಟಿಯ ಹಿಂಬದಿಯಲ್ಲಿ ಎದೆ ಮತ್ತು ಹೊಟ್ಟೆಯ ನಡುವೆ ಒಂದು ಗೆರೆ ಎಳೆದು, ಗೆರೆಯಲ್ಲೊಂದು ತೂತು ಬರೆದು, ಆ ತೂತಿನ ಮೂಲಕ ಜಠರ ಮೇಲಕ್ಕೆ ಜಾರಿದೆಯೆಂದು ತೋರಿಸಿದರು. ಅಜ್ಜಿ ಬಹಳ ಹೊತ್ತು ಚಿತ್ರವನ್ನು ನೋಡಿ, “ಆ ತೂತು ಯಾರು ಕೊರದಾರ್ರೀ?” ಎಂದು ಕೇಳಿದಳು. ವೈದ್ಯರು ನಕ್ಕು, “ಅದು ಎಲ್ಲರಿಗೂ ಇರ್ತದಮ್ಮಾ, ನನಗೂ ಇದೆ. ನಿಮ್ಮದು ಅಗಲ ಆಗಿದೆ” ಎಂದರು. ಅಜ್ಜಿ ನನ್ನ ಕಡೆ ತಿರುಗಿ, “ಹಂಗಾದ್ರ ನನ್ನ ನಾಲಿಗಿದು ತಪ್ಪಲ್ಲ” ಎಂದಳು.

ಆ ಮಾತಿಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆದರೆ ಆಕೆಯ ಮೊದಲನೆಯ ಪ್ರಶ್ನೆಗಾದರೂ ಉತ್ತರ ಹುಡುಕಬೇಕೆಂದು ನಾನು ಹಲವು ತಿಂಗಳು ಗ್ರಂಥಾಲಯದಲ್ಲಿ ಕುಳಿತೆ. ಆ ತೂತು ಯಾವುದು? ಅದು ಅಗಲವಾಗುವುದೇಕೆ? ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂಥ ಒಂದು ಸ್ನಾಯುವಿನ ಹೊದಿಕೆಯಿದೆ. ಕನ್ನಡದಲ್ಲಿ ಅದನ್ನು ವಪೆ ಎನ್ನುತ್ತೇವೆ. ನಮ್ಮ ಮಣ್ಣಿನ ಮಾಳಿಗೆಯಂತೆ ಅದು ಕೆಳಗಿನ ಮನೆಯನ್ನೂ ಮೇಲಿನ ಅಂತಸ್ತನ್ನೂ ಬೇರ್ಪಡಿಸುತ್ತದೆ. ಆದರೆ ಕೆಳಗಿನವರಿಗೂ ಮೇಲಿನವರಿಗೂ ವ್ಯವಹಾರ ಬೇಕಲ್ಲವೆ? ಅದಕ್ಕಾಗಿ ಮೂರು ದೊಡ್ಡ ದಾರಿಗಳಿವೆ. ಕೆಳಗಿನಿಂದ ಹೃದಯಕ್ಕೆ ರಕ್ತ ತರುವ ಮಹಾಸಿರೆ ಎದೆಯ ಎಂಟನೆಯ ಬೆನ್ನುಮಣಿಯ ಮಟ್ಟದಲ್ಲಿ ಹಾದುಹೋಗುತ್ತದೆ. ಅನ್ನನಾಳ ಹತ್ತನೆಯ ಮಣಿಯ ಮಟ್ಟದಲ್ಲಿ. ಮಹಾಧಮನಿ ಹನ್ನೆರಡನೆಯದರ ಮಟ್ಟದಲ್ಲಿ. ಇವುಗಳಲ್ಲಿ ಮಹಾಸಿರೆಯ ದಾರಿ ವಪೆಯ ನಡುವಿನ ಗಟ್ಟಿಯಾದ ನಾರಿನ ಭಾಗದಲ್ಲಿದೆ. ಮಹಾಧಮನಿಯು ವಪೆಯನ್ನು ತೂರದೆ ಅದರ ಹಿಂದಿನಿಂದ, ಬೆನ್ನೆಲುಬನ್ನು ಒತ್ತಿಕೊಂಡು ಇಳಿಯುತ್ತದೆ. ಅನ್ನನಾಳವೊಂದು ಮಾತ್ರ ಮೆತ್ತನೆಯ ಸ್ನಾಯುವನ್ನು ಭೇದಿಸಿ ಹೋಗಬೇಕಾಗಿದೆ. ನಮ್ಮಜ್ಜಿಯ ಕಷ್ಟಕ್ಕೆಲ್ಲ ಮೂಲವಾದ ಕಿಂಡಿ ಇದೇ. ಹಯೇಟಸ್ ಎಂಬ ಲ್ಯಾಟಿನ್ ಮಾತಿಗೆ ಬಾಯಿ ತೆರೆದುಕೊಂಡಿರುವ ಸಂದು ಎಂದೇ ಅರ್ಥ.

ಈ ಕಿಂಡಿಯ ಕೆಲಸ ಬಹು ಕಠಿಣವಾದದ್ದು. ತುತ್ತು ಇಳಿಯುವಾಗ ಅದು ಸಡಿಲವಾಗಬೇಕು, ತೇಗು ಬಂದರೆ ಬಿಡಬೇಕು. ಉಳಿದ ಹೊತ್ತಿನಲ್ಲಿ ಬಿಗಿಯಾಗಿರಬೇಕು. ಸೊಂಟದ ಬೆನ್ನುಮಣಿಗಳಿಂದ ವಪೆಯ ಎರಡು ಕಾಲುಗಳು ಮೇಲೇಳುತ್ತವೆ. ಹೆಚ್ಚಿನ ಜನರಲ್ಲಿ ಬಲಗಾಲಿನ ಎಳೆಗಳೇ ಕವಲಾಗಿ ಅನ್ನನಾಳವನ್ನು ಕುಣಿಕೆಯಂತೆ ಸುತ್ತುತ್ತವೆ. ನಾವು ಉಸಿರೆಳೆದಾಗಲೆಲ್ಲ ಈ ಕುಣಿಕೆ ಬಿಗಿಯುತ್ತದೆ. ಇದರ ಜೊತೆಗೆ ಅನ್ನನಾಳದ ತುದಿಯಲ್ಲೇ ಒಂದು ಬಿಗಿಸ್ನಾಯುವುಂಟು. ಅನ್ನನಾಳವು ಜಠರವನ್ನು ಓರೆಯಾಗಿ ಸೇರುವುದರಿಂದ ಅಲ್ಲೊಂದು ಮೂಲೆಯುಂಟಾಗಿ, ಜಠರ ತುಂಬಿದಾಗ ಅದರ ಮೇಲ್ಗುಮ್ಮಟವೇ ಒತ್ತಿ ಬಾಗಿಲು ಮುಚ್ಚುವಂತೆ ಆಗುತ್ತದೆ. ಒಂದೇ ಬಾಗಿಲಿಗೆ ಮೂರು ಅಗುಳಿ. ಜಠರ ತನ್ನ ಸ್ಥಾನದಲ್ಲಿರುವ ತನಕ ಮೂರೂ ಒಂದೇ ಕಡೆ ಕೂಡಿ ಕೆಲಸ ಮಾಡುತ್ತವೆ. ಜಠರ ಮೇಲೆ ಸರಿಯಿತೆಂದರೆ ಕುಣಿಕೆ ಒಂದು ಕಡೆ, ಬಿಗಿಸ್ನಾಯು ಇನ್ನೊಂದು ಕಡೆ, ಮೂಲೆಯೂ ಮಾಯ. ಆಗ ಹುಳಿನೀರಿಗೆ ತಡೆ ಎಲ್ಲಿಯದು?

ಜಠರವನ್ನು ಸ್ಥಾನದಲ್ಲಿ ಹಿಡಿದಿಡುವುದು ಅನ್ನನಾಳವನ್ನು ಕಿಂಡಿಯ ಅಂಚಿಗೆ ಕಟ್ಟಿರುವ ಒಂದು ತೆಳುವಾದ ಪೊರೆ. ಪ್ರತಿಯೊಂದು ಗುಟುಕಿಗೂ ಅನ್ನನಾಳ ಕುಗ್ಗಿ ಜಠರದ ಬಾಯನ್ನು ಸುಮಾರು ಎರಡು ಸೆಂಟಿಮೀಟರ್ ಮೇಲಕ್ಕೆ ಸೆಳೆಯುತ್ತದೆ. ಪೊರೆ ಅದನ್ನು ಮತ್ತೆ ಕೆಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ದಿನಕ್ಕೆ ನೂರಾರು ಸಲ, ಹುಟ್ಟಿದಂದಿನಿಂದ ಸಾಯುವ ತನಕ. ಪೊರೆಯ ಈ ಶಕ್ತಿಗೆ ಕಾರಣ ಇಲಾಸ್ಟಿನ್ ಎಂಬ ಸ್ಥಿತಿಸ್ಥಾಪಕ ನಾರು. ವಯಸ್ಸಾದಂತೆ ಆ ನಾರು ಕ್ಷೀಣಿಸುತ್ತದೆ. ಹಳೆಯ ಲಂಗದ ಇಲಾಸ್ಟಿಕ್ಕು ಸಡಿಲಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಒತ್ತಡದ ಮಾತು. ಹೊಟ್ಟೆಯೊಳಗಿನ ಒತ್ತಡ ಯಾವಾಗಲೂ ಎದೆಯೊಳಗಿನ ಒತ್ತಡಕ್ಕಿಂತ ಹೆಚ್ಚು. ಕೆರೆಯ ನೀರು ಏರಿಯನ್ನು ಹಗಲಿರುಳು ನೂಕುವಂತೆ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ನೂಕುತ್ತಲೇ ಇರುತ್ತವೆ. ಏರಿ ಎಷ್ಟೇ ಗಟ್ಟಿಯಾಗಿದ್ದರೂ ನೀರು ದಾರಿ ಹುಡುಕುವುದು ತೂಬಿನ ಪಕ್ಕದಲ್ಲೇ ಅಲ್ಲವೆ? ವಪೆಯ ತೂಬೇ ಈ ಕಿಂಡಿ. ಭಾರವನ್ನೆತ್ತುವಾಗ ಉಸಿರು ಬಿಗಿಹಿಡಿದರೆ, ಬಹುಕಾಲ ಕೆಮ್ಮಿದರೆ, ಮಲವಿಸರ್ಜನೆಗೆ ತಿಣುಕಿದರೆ, ಗರ್ಭ ಧರಿಸಿದರೆ ಈ ಒತ್ತಡ ಏರುತ್ತದೆ. ಬೊಜ್ಜಿದ್ದವರಲ್ಲಿ ಅದು ಸದಾ ಏರಿಯೇ ಇರುತ್ತದೆ. ಈ ರೋಗಕ್ಕೂ ಬೊಜ್ಜಿಗೂ ನಿಕಟ ಸಂಬಂಧವಿದೆಯೆಂದು ವೈದ್ಯರು ಒಪ್ಪಿದ್ದಾರೆ. ಬೆನ್ನು ಬಾಗಿದ ವೃದ್ಧೆಯರಲ್ಲಿ ಈ ರೋಗ ಹೆಚ್ಚು ಕಾಣುತ್ತದೆ. ಮೂಳೆ ಸವೆದು ಬೆನ್ನುಮಣಿಗಳು ಕುಸಿದರೆ ಹೊಟ್ಟೆಯ ಗೂಡು ಗಿಡ್ಡವಾಗುತ್ತದೆ. ಒಳಗಿನ ಸರಂಜಾಮು ಅಷ್ಟೇ ಇದ್ದು ಮನೆ ಚಿಕ್ಕದಾದರೆ ಅದು ಮಾಳಿಗೆಯನ್ನು ನೂಕದೆ ಇನ್ನೇನು ಮಾಡೀತು? ಕೆಲವರಿಗೆ ಹುಟ್ಟಿನಿಂದಲೇ ಕಿಂಡಿ ಅಗಲವಾಗಿರುವುದೂ ಉಂಟು. ಹುಳಿಯಿಂದ ಬೆಂದ ಅನ್ನನಾಳ ಕುಗ್ಗಿ ಜಠರವನ್ನು ತಾನೇ ಮೇಲೆ ಸೆಳೆಯುವುದೂ ಉಂಟು. ಆದುದರಿಂದ ಒಂದೇ ಕಾರಣವನ್ನು ಹಿಡಿದು ಇದೇ ಎಂದು ಹೇಳಲಾಗದು.

ಈ ರೋಗದಲ್ಲಿ ನಾಲ್ಕು ಬಗೆ. ಜಠರದ ಬಾಯಿಯೇ ಮೇಲಕ್ಕೆ ಜಾರುವುದು ಮೊದಲನೆಯದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಕಾಣುವುದು ಇದೇ. ಬಾಯಿ ತನ್ನ ಸ್ಥಾನದಲ್ಲಿದ್ದು ಮೇಲ್ಗುಮ್ಮಟ ಮಾತ್ರ ಪಕ್ಕದಿಂದ ನುಸುಳುವುದು ಎರಡನೆಯದು. ಎರಡೂ ಕೂಡಿದ್ದು ಮೂರನೆಯದು. ಕರುಳು ಮೊದಲಾದ ಬೇರೆ ಅಂಗಗಳೂ ಮೇಲೇರುವುದು ನಾಲ್ಕನೆಯದು. ಹೆಚ್ಚಿನವರಿಗೆ ಇದು ಇರುವುದೇ ಗೊತ್ತಾಗುವುದಿಲ್ಲ. ಹಾಗೆಯೇ ಎದೆಯುರಿಯುವವರಿಗೆಲ್ಲ ಇದು ಇರುವುದಿಲ್ಲ. ಆದರೆ ಹರ್ನಿಯಾ ದೊಡ್ಡದಾದಾಗ ಜಠರದ ಮಡಿಕೆಗಳು ಕಿಂಡಿಯ ಅಂಚಿಗೆ ಉಜ್ಜಿ ಹುಣ್ಣಾಗಿ ಹನಿಹನಿಯಾಗಿ ರಕ್ತ ಸೋರುವುದುಂಟು. ಇದನ್ನು 1986ರಲ್ಲಿ ಕ್ಯಾಮರೂನ್ ಮತ್ತು ಹಿಗಿನ್ಸ್ ಎಂಬ ವೈದ್ಯರು ವಿವರಿಸಿದರು. ನಮ್ಮಜ್ಜಿಯ ಮುಖ ಬಿಳುಪಾದದ್ದು ವಯಸ್ಸಿನಿಂದಲ್ಲ, ಈ ಸೋರುವಿಕೆಯಿಂದ.

ರೋಗ ಹೊಸದೆಂದು ಯಾರೂ ತಿಳಿಯಬಾರದು. ಅದನ್ನು ಕಾಣುವ ಕಣ್ಣು ಹೊಸದು. 1895ರಲ್ಲಿ ಕ್ಷ-ಕಿರಣ ಪತ್ತೆಯಾಗುವ ಮೊದಲು ಇದು ಸತ್ತವರನ್ನು ಕೊಯ್ದಾಗ ಮಾತ್ರ ಕಾಣುತ್ತಿತ್ತು. ಸ್ವೀಡನ್ನಿನ ಆಕರ್ಲುಂಡ್ 1926ರಲ್ಲಿ ಕ್ಷ-ಕಿರಣದ ನೆರವಿನಿಂದ ಇದರ ಬಗೆಗಳನ್ನು ವಿಂಗಡಿಸಿದ. ಇಂಗ್ಲೆಂಡಿನ ಆಲಿಸನ್ 1951ರಲ್ಲಿ ಹರ್ನಿಯಾಕ್ಕೂ ಹುಳಿನೀರು ಮೇಲೇರುವುದಕ್ಕೂ ಇರುವ ಸಂಬಂಧವನ್ನು ಸ್ಪಷ್ಟಪಡಿಸಿದ. ರುಡಾಲ್ಫ್ ನಿಸ್ಸೆನ್ 1955ರಲ್ಲಿ ಜಠರದ ಮೇಲ್ಗುಮ್ಮಟವನ್ನೇ ಅನ್ನನಾಳದ ಸುತ್ತ ಸುತ್ತಿ ಹೊಲಿದು ಹೊಸದೊಂದು ಅಗುಳಿಯನ್ನು ಮಾಡಿದ. ಇಂದಿಗೂ ಆ ಶಸ್ತ್ರಕ್ರಿಯೆ ಆತನ ಹೆಸರಿನಲ್ಲೇ ನಡೆಯುತ್ತಿದೆ. ಈಗ ಹೊಟ್ಟೆಯನ್ನು ಸೀಳದೆ ಸಣ್ಣ ತೂತುಗಳಿಂದಲೇ ಮಾಡುತ್ತಾರೆ.

ಹಾಗಾದರೆ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆ ಎಂದು ಓದುಗರು ಕೇಳಬಹುದು. ಇದೆ. ಹೊಟ್ಟೆ ಬಿರಿಯ ಉಂಡು ಕೂಡಲೇ ಮಲಗಿದರೆ ಉರಿ ಹೆಚ್ಚುವುದು ನಿಜ. ಎಣ್ಣೆ ಜಿಡ್ಡು, ತಂಬಾಕು, ಮದ್ಯ ಉರಿಯನ್ನು ಕೆರಳಿಸುವುದೂ ನಿಜ. ಕೆಲವರಿಗೆ ಖಾರವೂ ಆಗದು. ಬ್ರಿಟನ್ನಿನ ಡೆನಿಸ್ ಬರ್ಕಿಟ್ ಎಂಬ ವೈದ್ಯ 1970ರ ದಶಕದಲ್ಲಿ, ನಾರಿಲ್ಲದ ಆಹಾರ ತಿಂದು ಮಲಬದ್ಧತೆಯಿಂದ ತಿಣುಕುವ ಸಮಾಜಗಳಲ್ಲೇ ಈ ರೋಗ ಹೆಚ್ಚೆಂದು ವಾದಿಸಿದ. ಜೋಳದ ರೊಟ್ಟಿ ತಿನ್ನುವ ನಮಗೆ ಕೇಳಲು ಹಿತವಾದ ವಾದ. ಆದರೆ ನಮ್ಮಜ್ಜಿ ಅರವತ್ತು ವರ್ಷ ಜೋಳದ ರೊಟ್ಟಿಯನ್ನೇ ತಿಂದವಳು. ಒಬ್ಬಳ ಉದಾಹರಣೆಯಿಂದ ವಾದ ಬೀಳದು. ವಾದದಿಂದ ಆಕೆಯ ಉರಿಯೂ ಆರದು. ನನ್ನ ಅಭಿಪ್ರಾಯವಿಷ್ಟೆ: ಆಹಾರ ಉರಿಯನ್ನು ಕೆರಳಿಸೀತು, ಆದರೆ ಚಟ್ನಿ ತಿಂದವರ ವಪೆಯ ಕಿಂಡಿಯನ್ನು ಚಟ್ನಿಯೇ ಅಗಲಗೊಳಿಸಲಾರದು. ಕಿಂಡಿ ಅಗಲವಾದದ್ದರ ಹಿಂದೆ ವಯಸ್ಸಿದೆ, ಏಳು ಹೆರಿಗೆಗಳಿವೆ, ಬಾಗಿದ ಬೆನ್ನಿದೆ, ಹೊತ್ತ ಕೊಡಗಳೂ ಇರಬಹುದು. ಇವೆಲ್ಲವನ್ನೂ ಬಿಟ್ಟು ನಾವು ಆಕೆಯ ನಾಲಿಗೆಯನ್ನು ಹಿಡಿದೆವು. ಏಕೆಂದರೆ ನಾಲಿಗೆಯನ್ನು ಬಯ್ಯುವುದು ಸುಲಭ. ಬೆನ್ನು ಬಾಗಿದ್ದೇಕೆಂದು ಕೇಳಿದರೆ ಮನೆಯವರೆಲ್ಲರೂ ಉತ್ತರ ಕೊಡಬೇಕಾಗುತ್ತದೆ.

ಅಜ್ಞಾನದಿಂದ ಆಗುವ ಹಾನಿ ಇದೊಂದೇ ಅಲ್ಲ. ನಮ್ಮ ಕಡೆ ಎದೆಯಲ್ಲಿ ಏನಾದರೂ “ಗ್ಯಾಸ್” ಎಂದುಬಿಡುತ್ತೇವೆ. ಹೃದಯಾಘಾತವೂ ಎಷ್ಟೋ ಸಲ ಎದೆಯುರಿಯ ವೇಷದಲ್ಲೇ ಬರುತ್ತದೆ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಸೋಡಾ ಕುಡಿದು ಕಾಯುವುದು ಪ್ರಾಣಕ್ಕೆ ಎರವಾಗುವುದು. ತುತ್ತು ಗಂಟಲಲ್ಲಿ ಸಿಕ್ಕುವುದು, ಮಲ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು — ಇವು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಈ ಲೇಖನವನ್ನು ಓದಿ ಯಾರೂ ತಮಗೆ ತಾವೇ ವೈದ್ಯರಾಗಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಭಾರದ ಬಗೆಗೂ ಒಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ವಯಸ್ಕ ಗಂಡಸೊಬ್ಬ ಹೊರುವ ಹೊರೆ 55 ಕಿಲೋ ಮೀರಬಾರದು, ಹೆಂಗಸರ ಹೊರೆ ಅದಕ್ಕಿಂತ ಬಹಳ ಕಡಿಮೆಯಿರಬೇಕು ಎಂದು ಶಿಫಾರಸು ಮಾಡಿತು. ನಮ್ಮಪ್ಪ ಅದಕ್ಕಿಂತ ಭಾರದ ಚೀಲಗಳನ್ನು ಬೆನ್ನ ಮೇಲೆ ಹಾಕಿಕೊಂಡದ್ದನ್ನು ನಾನು ಕಂಡಿದ್ದೇನೆ. ಆತನಿಗೆ ಈ ರೋಗ ಬಂದೇ ಬರುವುದೆಂದು ನಾನು ಹೇಳುತ್ತಿಲ್ಲ. ಆದರೆ ಮನುಷ್ಯನ ಮೈಯ ಕಟ್ಟಡವನ್ನು ಬಲ್ಲವರು ಯಾರೂ ಹೊರೆಗೊಂದು ಮಿತಿ ಬೇಡವೆಂದು ಹೇಳಲಾರರು.

ಕಲಾ ವಿಭಾಗದ ವಿದ್ಯಾರ್ಥಿನಿಗೆ ವೈದ್ಯಶಾಸ್ತ್ರದ ಗೊಡವೆ ಏಕೆಂದು ಗೆಳತಿಯರು ನಗುವುದುಂಟು. ಹತ್ತನೆಯ ತರಗತಿಗೆ ಮುಂಚೆಯೇ ನಾನು ಶ್ವಾಸಾಂಗಗಳ ಚಿತ್ರ ಬರೆದು ವಪೆಯನ್ನು ಗುರುತಿಸಿ ಅಂಕ ಗಳಿಸಿದವಳು. ಆ ವಪೆ ಪಕ್ಕದಲ್ಲೇ ಗೋಡೆಗೊರಗಿ ಕುಳಿತ ನಮ್ಮಜ್ಜಿಯೊಳಗೂ ಇದೆಯೆಂಬುದು ಮಾತ್ರ ಹೊಳೆಯಲಿಲ್ಲ. ನಾವು ಓದುವುದು ಅಂಕಕ್ಕಾಗಿ; ಮನೆಗೆ ಬರುವಾಗ ಓದನ್ನು ಬಸ್ಸಿನಲ್ಲೇ ಬಿಟ್ಟು ಇಳಿಯುತ್ತೇವೆ. ರಾಯಚೂರಿಗೆ 2007ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂತು. ಏಮ್ಸ್ ಬೇಕೆಂದು 2022ರಲ್ಲಿ ಇಲ್ಲಿ ಧರಣಿ ಆರಂಭವಾಯಿತು. ದೊಡ್ಡ ಆಸ್ಪತ್ರೆ ಬರಲಿ, ಬರಲೇಬೇಕು. ಆದರೆ ಆಸ್ಪತ್ರೆ ಕೊಡುವ ಹಾಳೆಯನ್ನು ಮನೆಯ ಮಾತಿನಲ್ಲಿ ಬಿಡಿಸಿ ಹೇಳುವವರು ಯಾರು? ವೈದ್ಯರಿಗೆ ಹೊತ್ತಿಲ್ಲ, ಹೊರಗೆ ಸಾಲು ನಿಂತಿರುತ್ತದೆ. ಹೇಳಬೇಕಾದವರು ನಾವೇ, ಭಾಷೆಯನ್ನೇ ಓದುವ ನಾವು. ವರ್ಷಕ್ಕೊಂದು ದಿನ ವೈದ್ಯ ವಿದ್ಯಾರ್ಥಿಗಳನ್ನು ನಮ್ಮ ಕಾಲೇಜಿಗೆ ಕರೆಸಿ, ಅವರು ಹೇಳಿದ್ದನ್ನು ನಮ್ಮ ಜನರ ಕನ್ನಡಕ್ಕೆ ತರುವ ಕೆಲಸವನ್ನು ಕನ್ನಡ ಸಂಘ ಕೈಗೊಳ್ಳಲೆಂದು ಗುರುಗಳಲ್ಲಿ ವಿನಂತಿಸುತ್ತೇನೆ. ಹಣ ಬೇಕಾಗಿಲ್ಲ, ಒಂದು ಕರಿಹಲಗೆ ಸಾಕು.

ವಯಸ್ಸನ್ನು ನೋಡಿ ಸದ್ಯಕ್ಕೆ ಅಜ್ಜಿಗೆ ಶಸ್ತ್ರಕ್ರಿಯೆ ಬೇಡವೆಂದರು. ಬೆಳಗಿನ ಊಟಕ್ಕೆ ಮೊದಲು ಆಮ್ಲ ತಗ್ಗಿಸುವ ಮಾತ್ರೆ, ರಕ್ತಕ್ಕೆ ಕಬ್ಬಿಣದ ಮಾತ್ರೆ, ರಾತ್ರಿ ಹೊತ್ತು ಮುಳುಗುವಾಗಲೇ ಸ್ವಲ್ಪ ಊಟ. ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಅಪ್ಪ ಇಟ್ಟಿಗೆಗಳನ್ನಿಟ್ಟಿದ್ದಾನೆ. ಈಗ ಮಲಗಿ ನಿದ್ದೆ ಮಾಡುತ್ತಾಳೆ. ಉರಿ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಅಮಾವಾಸ್ಯೆಯ ದಿನ ರೊಟ್ಟಿಗೆ ಬೆರಳ ತುದಿಯಷ್ಟು ಚಟ್ನಿ ಹಚ್ಚಿಕೊಳ್ಳುತ್ತಾಳೆ, ಯಾರೂ ಬಯ್ಯುವುದಿಲ್ಲ. ಓಣಿಯ ಹೆಂಗಸರು ಬಂದರೆ ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಿ, “ಇಷ್ಟ ಒಂದು ತೂತು, ನಿಮಗೂ ಐತಿ” ಎಂದು ಹೇಳುತ್ತಾಳೆ. ನಾನು ಮೂರು ವರ್ಷ ಕಾಲೇಜಿಗೆ ಹೋಗಿ ಹೇಳಲಾರದ್ದನ್ನು ಅಕ್ಷರ ಬಾರದ ಆಕೆ ಹೇಳುತ್ತಿದ್ದಾಳೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ